ಪದ ಮತ್ತು ಪದಾರ್ಥ: ಮನೆಬಳಕೆಯ ಹಳೆಯ ವಸ್ತುಗಳ ಸಂಗ್ರಹವನ್ನು ಕುರಿತು ಒಂದು ವಿಮರ್ಶೆ

೧

‘ಪದಾರ್ಥ’ವೆಂಬ ಮಾತನ್ನು ನಾವು ವಸ್ತುವೆಂಬ ಅರ್ಥದಲ್ಲಿ ದಿನವೂ ಬಳಸುತ್ತೇವೆ. ಅದರ ಅವಯವಗಳನ್ನು ಬಿಡಿಸಿ ನೋಡಿದರೆ ಪದದ ಅರ್ಥವೇ ಪದಾರ್ಥ. ಹೆಸರೊಂದು ಯಾವುದನ್ನು ಸೂಚಿಸುವುದೋ ಅದೇ ವಸ್ತು. ವಸ್ತುವೂ ಹೆಸರೂ ಒಂದನ್ನೊಂದು ಅಗಲಿ ಇರಲಾರವೆಂಬ ತಿಳಿವಳಿಕೆ ಈ ಸಮಾಸದೊಳಗೇ ಅಡಗಿದೆ. ಮನೆಬಳಕೆಯ ಹಳೆಯ ವಸ್ತುಗಳನ್ನು ಕೂಡಿಡುವ ಕಾರ್ಯವನ್ನು ಪರಿಶೀಲಿಸಹೊರಟವರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ದೊರೆಯುವುದು ಕಷ್ಟ.

ಯಂತ್ರದ ತಯಾರಿಕೆ ಮನೆಮನೆಯನ್ನು ಹೊಗುವುದಕ್ಕೆ ಮೊದಲು ನಮ್ಮ ಅಡುಗೆಮನೆ, ಪಡಸಾಲೆ, ಕೊಟ್ಟಿಗೆ, ಹಿತ್ತಿಲುಗಳಲ್ಲಿ ಇದ್ದ ವಸ್ತುಗಳೆಲ್ಲವೂ ಬಡಗಿ, ಕಮ್ಮಾರ, ಕುಂಬಾರ, ಕಂಚುಗಾರ, ಮೇದ, ಕಲ್ಲುಕುಟಿಗ ಇವರ ಕೈಗಳಿಂದ ಮೂಡಿದವು. ಒರಳು, ಒನಕೆ, ಬೀಸುವ ಕಲ್ಲು, ಮೊರ, ಜರಡಿ, ಕಡೆಗೋಲು, ಈಳಿಗೆಮಣೆ, ಶಾವಿಗೆ ಒರಳು, ಅಡಕತ್ತರಿ, ಹಂಡೆ, ಕೊಳದಪ್ಪಲೆ, ಗುಡಾಣ, ನೆಲುವು, ಸೇರು, ಬಳ್ಳ, ಕೊಳಗ—ಹೀಗೆ ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಹಲವು ಈಗ ಮನೆಯನ್ನು ಬಿಟ್ಟು ಹೊರಟಿವೆ. ಕೆಲವು ತೂಕಕ್ಕೆ ಮಾರಾಟವಾಗಿ ಕುಲುಮೆಯಲ್ಲಿ ಕರಗಿವೆ. ಕೆಲವು ವಸತಿಗೃಹಗಳ ಮೊಗಸಾಲೆಗಳಲ್ಲಿ ಅಲಂಕಾರಕ್ಕೆ ನಿಂತಿವೆ. ಕೆಲವು ಸಂಗ್ರಹಾಲಯಗಳನ್ನು ಸೇರಿವೆ. ಮೂರನೆಯದು ಉಳಿದೆರಡಕ್ಕಿಂತ ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿ ಉಳಿದದ್ದು ಏನು, ಉಳಿಯದೆ ಹೋದದ್ದು ಏನು ಎಂಬ ಪ್ರಶ್ನೆಯನ್ನು ನಾವು ಸಾಕಷ್ಟು ಕೇಳಿಲ್ಲ.

ಇದು ವಿಮರ್ಶೆಯ ಕ್ಷೇತ್ರವೇ ಎಂದು ಸಾಹಿತ್ಯದ ವಿದ್ಯಾರ್ಥಿಗಳು ಶಂಕಿಸಬಹುದು. ಕೃತಿಯ ಆಕಾರಕ್ಕೂ ಉದ್ದೇಶಕ್ಕೂ ಇರುವ ಸಂಬಂಧವೇನು, ಕರ್ತೃ ಯಾವ ಸಂಪ್ರದಾಯದಲ್ಲಿ ನಿಂತು ಕೆಲಸಮಾಡಿದನು, ಕಾಲಕ್ರಮದಲ್ಲಿ ಕೃತಿಗೆ ಏನು ಸೇರಿತು, ಏನು ಕಳೆಯಿತು—ಕಾವ್ಯವನ್ನು ಕುರಿತು ನಾವು ಕೇಳುವ ಈ ಪ್ರಶ್ನೆಗಳಲ್ಲಿ ಒಂದಾದರೂ ಒಂದು ಮೊರದ ವಿಷಯದಲ್ಲಿ ಕೇಳಲಾಗದಂಥದಲ್ಲ. ಅಲ್ಲದೆ ಸಂಗ್ರಹವೆಂಬುದು ಸ್ವತಃ ಒಂದು ಬಗೆಯ ಸಂಪಾದನೆ. ಗ್ರಂಥಸಂಪಾದಕನು ಯಾವ ಪಾಠವನ್ನು ಹಿಡಿದನು, ಯಾವುದನ್ನು ಬಿಟ್ಟನು ಎಂದು ವಿಚಾರಿಸುವ ನಾವು, ಸಂಗ್ರಾಹಕನನ್ನೂ ಅದೇ ರೀತಿ ವಿಚಾರಿಸುವುದು ನ್ಯಾಯ.

೨

ಸಂಗ್ರಹಾಲಯವನ್ನು ಪ್ರವೇಶಿಸಿದವರ ಕಣ್ಣಿಗೆ ಮೊದಲು ಬೀಳುವುದು ಲೋಹ. ತೂಗುದೀಪ, ಎಲೆಯಡಕೆಯ ಪೆಟ್ಟಿಗೆ, ಚಿತ್ತಾರದ ಅಡಕತ್ತರಿ, ಹಿತ್ತಾಳೆಯ ಕೊಡ, ತಾಮ್ರದ ಹಂಡೆ. ಆಮೇಲೆ ಮರ: ಕೆತ್ತನೆಯ ಬಾಗಿಲುವಾಡ, ತೊಟ್ಟಿಲು, ಚೆನ್ನೆಮಣೆ. ಮಣ್ಣಿನ ಮಡಕೆ ಅಪರೂಪ. ಬಿದಿರಿನ ಬುಟ್ಟಿ, ಹುಲ್ಲಿನ ಹಗ್ಗ, ಈಚಲ ಚಾಪೆ, ಸೋರೆಬುರುಡೆ, ಪೊರಕೆ ಇವು ಇನ್ನೂ ಅಪರೂಪ. ಮನೆಯೊಳಗೆ ಇವುಗಳ ಪ್ರಮಾಣ ನೇರ ತಿರುಗುಮುರುಗಾಗಿತ್ತು. ಸಾಮಾನ್ಯ ಒಕ್ಕಲಿನ ಮನೆಯಲ್ಲಿ ನೂರಕ್ಕೆ ಒಂದು ಪಾತ್ರೆ ಲೋಹದ್ದಾದರೆ ಅದನ್ನೇ ಜೋಪಾನವಾಗಿ ಇಡುತ್ತಿದ್ದರು; ಉಳಿದುದೆಲ್ಲ ಮಣ್ಣು, ಮರ, ಬಿದಿರು, ನಾರು. ಒಡೆದರೆ ತಿಪ್ಪೆಗೆ, ಹರಿದರೆ ಒಲೆಗೆ ಹೋಗುವುದು ಅವುಗಳ ಸ್ವಭಾವ.

ಗಟ್ಟಿಯಾದದ್ದು ಉಳಿಯುವುದು, ಮೆತ್ತಗಿನದು ಅಳಿಯುವುದು ಪ್ರಕೃತಿಯ ನಿಯಮವಷ್ಟೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಪ್ರಕೃತಿಯ ಆಯ್ಕೆಯ ಮೇಲೆ ಸಂಗ್ರಾಹಕನ ಆಯ್ಕೆಯೂ ಸೇರುತ್ತದೆ. ಅವನು ಹುಡುಕುವುದು ಅಂದವಾದುದನ್ನು. ಒಂದೇ ಬೀದಿಯ ಹತ್ತು ಮನೆಗಳಲ್ಲಿ ಒಂಬತ್ತು ಬೋಳು ಈಳಿಗೆಗಳಿದ್ದು ಹತ್ತನೆಯದರಲ್ಲಿ ಹಂಸದ ಕತ್ತಿನಂತೆ ಬಳುಕಿದ ಒಂದು ಈಳಿಗೆಯಿದ್ದರೆ ಅವನ ಕೈ ಹತ್ತನೆಯದಕ್ಕೇ ಹೋಗುತ್ತದೆ. ಹೀಗೆ ನೂರು ಊರುಗಳ ಹತ್ತನೆಯ ಈಳಿಗೆಗಳು ಒಂದೇ ಗೋಡೆಯ ಮೇಲೆ ಸಾಲಾದಾಗ, ನೋಡುವ ವಿದ್ಯಾರ್ಥಿಗೆ ಪೂರ್ವಿಕರ ಮನೆಗಳಲ್ಲೆಲ್ಲ ಹಂಸಗಳೇ ಕುಳಿತಿದ್ದವೆಂಬ ಭ್ರಮೆ ಹುಟ್ಟುತ್ತದೆ. ಅಪವಾದವೇ ನಿಯಮದ ಸ್ಥಾನದಲ್ಲಿ ನಿಲ್ಲುತ್ತದೆ. ಹಳೆಯ ಕಾಲವು ಇದ್ದುದಕ್ಕಿಂತ ಸಿರಿವಂತವೂ ಸುಂದರವೂ ಆಗಿ ತೋರುತ್ತದೆ. ಅದರ ಬಡತನವೂ ದುಡಿಮೆಯೂ ಮರೆಯಾಗುತ್ತವೆ. ಇದು ರುಚಿಯ ದೋಷವಲ್ಲ, ಚರಿತ್ರೆಯ ದೋಷ.

೩

ಈ ಸಮಸ್ಯೆ ನಮಗೆ ಮಾತ್ರ ಸೇರಿದ್ದಲ್ಲ. ಯಂತ್ರೋದ್ಯಮವು ನಮಗಿಂತ ಮೊದಲು ಬೆಳೆದ ದೇಶಗಳಲ್ಲಿ ಅದು ಮೊದಲೇ ಎದುರಾಯಿತು. ಅಲ್ಲಿಯ ಇಬ್ಬರು ಸಂಗ್ರಾಹಕರನ್ನೂ ನಮ್ಮ ನೆರೆಯ ಒಬ್ಬರನ್ನೂ ತೂಗಿನೋಡಿದರೆ ವಿಷಯ ಸ್ಪಷ್ಟವಾದೀತು.

ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಹೆನ್ರಿ ಚಾಪ್‌ಮನ್ ಮರ್ಸರ್ (೧೮೫೬–೧೯೩೦) ಪ್ರಾಕ್ತನಶಾಸ್ತ್ರದಲ್ಲಿ ನುರಿತವನು. ನೆಲವನ್ನು ಅಗೆದು ಇತಿಹಾಸಪೂರ್ವದ ಕಲ್ಲಿನ ಆಯುಧಗಳನ್ನು ಹುಡುಕುತ್ತಿದ್ದವನಿಗೆ ೧೮೯೭ರಲ್ಲಿ, ಹಳೆಯ ಸಾಮಾನಿನ ವ್ಯಾಪಾರಿಯೊಬ್ಬನ ಅಂಗಳದಲ್ಲಿ ಗುಡ್ಡೆಬಿದ್ದಿದ್ದ ಮುರುಕು ಉಪಕರಣಗಳನ್ನು ಕಂಡಾಗ ಹೊಸದೊಂದು ಆಲೋಚನೆ ಹೊಳೆಯಿತು. ಸಾವಿರಾರು ವರ್ಷಗಳ ಅನಂತರ ಯಾರೋ ಅಗೆದು ತೆಗೆಯಬೇಕಾದುದನ್ನು ಈಗಲೇ, ಬಳಸಿದವರು ಬದುಕಿರುವಾಗಲೇ, ಏಕೆ ಕೂಡಿಡಬಾರದು? ಅದೇ ವರ್ಷ ಆತನು ತನ್ನ ಸಂಗ್ರಹದ ಮೊದಲ ಪ್ರದರ್ಶನವನ್ನು ಏರ್ಪಡಿಸಿದನು. ಡಾಯ್ಲ್ಸ್‌ಟೌನ್ ಎಂಬ ಊರಿನಲ್ಲಿ ೧೯೧೩ರಿಂದ ೧೯೧೬ರ ವರೆಗೆ ಕಾಂಕ್ರೀಟಿನ ದೊಡ್ಡ ಸಂಗ್ರಹಾಲಯವನ್ನೇ ಕಟ್ಟಿಸಿದನು. ಆತನ ಕ್ರಮ ಗಮನಾರ್ಹವಾದುದು. ವಸ್ತುಗಳನ್ನು ಅಂದಕ್ಕೆ ತಕ್ಕಂತೆ ಜೋಡಿಸದೆ ಕಸುಬಿಗೆ ತಕ್ಕಂತೆ ಜೋಡಿಸಿದನು: ಬೆಣ್ಣೆ ಕಡೆಯುವುದಕ್ಕೆ ಒಂದು ಅಂಕಣ, ನೂಲುವುದಕ್ಕೆ ಒಂದು, ಚಕ್ರ ಮಾಡುವವನಿಗೆ ಒಂದು. ೧೯೨೯ರಲ್ಲಿ ಬಡಗಿಯ ಹಳೆಯ ಉಪಕರಣಗಳನ್ನು ಕುರಿತು ಬರೆದ ಗ್ರಂಥದಲ್ಲಿ ಒಂದೊಂದರ ಆಕಾರವನ್ನಲ್ಲದೆ ಅದು ಕೆಲಸಮಾಡುವ ಬಗೆಯನ್ನೂ ವಿವರಿಸಿದನು. ಮರ್ಸರನಿಗೆ ವಸ್ತುವೆಂದರೆ ಕ್ರಿಯೆಯ ಶೇಷ.

ಜಪಾನಿನ ಯಾನಗಿ ಸೊಎತ್ಸು (೧೮೮೯–೧೯೬೧) ಹಿಡಿದ ದಾರಿ ಬೇರೆ. ೧೯೨೫ರಲ್ಲಿ ಆತನೂ ಕುಂಬಾರಿಕೆಯ ಕಲಾವಿದರಾದ ಹಮಾದಾ ಶೋಜಿ ಮತ್ತು ಕವಾಯಿ ಕಂಜಿರೊ ಇವರೂ ಸೇರಿ ಜನಸಾಮಾನ್ಯರ ಕರಕೌಶಲಕ್ಕೆ ‘ಮಿಂಗೇಯಿ’ ಎಂಬ ಹೊಸ ಹೆಸರನ್ನು ಟಂಕಿಸಿದರು. ೧೯೩೬ರಲ್ಲಿ ಟೋಕಿಯೋ ನಗರದಲ್ಲಿ ಇದಕ್ಕಾಗಿಯೇ ಒಂದು ಸಂಗ್ರಹಾಲಯ ತೆರೆಯಿತು. ಹೆಸರಿಗೆ ಆಸೆಪಡದ ಅಜ್ಞಾತ ಕುಶಲಿಯು ನಿತ್ಯದ ಬಳಕೆಗಾಗಿ, ಅಗ್ಗವಾಗಿ, ಹೇರಳವಾಗಿ ಮಾಡಿದ ಬಟ್ಟಲಿನಲ್ಲಿಯೇ ನಿಜವಾದ ಸೌಂದರ್ಯವಿದೆಯೆಂಬುದು ಯಾನಗಿಯ ಸಿದ್ಧಾಂತ. ಕೊರಿಯದ ಬಡವರ ಅನ್ನದ ಬಟ್ಟಲೊಂದು ಜಪಾನಿನ ಚಹಾ ಆಚಾರದಲ್ಲಿ ಅಮೂಲ್ಯವಾದ ನಿಧಿಯಾದುದನ್ನು ಆತನು ತನ್ನ ವಾದಕ್ಕೆ ದೊಡ್ಡ ಆಧಾರವಾಗಿ ಎತ್ತಿಕೊಂಡನು. ಅಲಂಕಾರದ ಮೋಹವನ್ನು ಮುರಿದು ಬೋಳು ಬಟ್ಟಲಿನ ಕಡೆಗೆ ಕಣ್ಣನ್ನು ತಿರುಗಿಸಿದ್ದು ಯಾನಗಿಯ ದೊಡ್ಡ ಸೇವೆ. ಮೇಲೆ ಹೇಳಿದ ಹತ್ತನೆಯ ಈಳಿಗೆಯ ದೋಷಕ್ಕೆ ಇದು ತಕ್ಕ ಔಷಧ. ಆದರೆ ವಿವರಣೆಗಿಂತ ಮೊದಲು ನೋಟ ಬರಬೇಕೆಂಬ ನಂಬಿಕೆಯಿಂದ ಆತನು ಬರಹದ ಫಲಕಗಳನ್ನು ಆದಷ್ಟು ಚಿಕ್ಕದಾಗಿಸಿದನು. ಇಲ್ಲಿ ನಾವು ಆತನನ್ನು ಬಿಟ್ಟು ನಿಲ್ಲಬೇಕಾಗುತ್ತದೆ. ಬಟ್ಟಲನ್ನು ಮಾಡಿದವನು ತನ್ನ ಊರಿಗೆ ಅಜ್ಞಾತನಾಗಿರಲಿಲ್ಲ. ಅವನ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ, ಅಷ್ಟೆ. ದಾಖಲೆಯ ಕೊರತೆಯನ್ನು ಕುಶಲಿಯ ಗುಣವೆಂದು ಹೊಗಳುವುದು ಸುಲಭ; ಆ ಹೊಗಳಿಕೆಯಿಂದ ಅವನಿಗೆ ನಷ್ಟವೇ ಹೊರತು ಲಾಭವಿಲ್ಲ.

ಪುಣೆಯ ದಿನಕರ ಗಂಗಾಧರ ಕೇಳಕರ (೧೮೯೬–೧೯೯೦) ಇವರು ‘ಅಜ್ಞಾತವಾಸಿ’ ಎಂಬ ಹೆಸರಿನಿಂದ ಬರೆದ ಮರಾಠಿ ಕವಿಗಳು. ಬಾಲ್ಯದಲ್ಲಿಯೇ ತೀರಿಕೊಂಡ ಮಗ ರಾಜಾನ ನೆನಪಿಗೆ ಮುಡಿಪಾದ ಅವರ ಸಂಗ್ರಹ ಸುಮಾರು ಇಪ್ಪತ್ತು ಸಾವಿರ ವಸ್ತುಗಳಷ್ಟು ಬೆಳೆದು, ೧೯೭೫ರಲ್ಲಿ ಮಹಾರಾಷ್ಟ್ರ ಸರಕಾರಕ್ಕೆ ದಾನವಾಗಿ ಸಂದಿತು. ವಿಗ್ರಹ, ನಾಣ್ಯ, ಶಾಸನಗಳೇ ಸಂಗ್ರಹಯೋಗ್ಯವೆಂದು ತಿಳಿದಿದ್ದ ಕಾಲದಲ್ಲಿ ದೀಪ, ಅಡಕತ್ತರಿ, ಮಸಿಕುಡಿಕೆ, ಅಡುಗೆಯ ಪಾತ್ರೆ, ಕಾಲುಜ್ಜುವ ವಜ್ರಿ ಇವುಗಳನ್ನು ಅರಸಿ ದೇಶವನ್ನೆಲ್ಲ ಸುತ್ತಿದ ಅವರ ಸಾಹಸ ಅಸಾಧಾರಣವಾದುದು. ಕೇಳಕರರ ಕಣ್ಣು ಕವಿಯ ಕಣ್ಣು. ಗಿಳಿಯಂತೆ, ಕುದುರೆಯಂತೆ ರೂಪುಗೊಂಡ ಉಪಕರಣಗಳಲ್ಲಿ ಅವರಿಗೆ ಉಪಮೆ, ರೂಪಕಗಳೇ ಕಂಡಿರಬೇಕು. ಬಳಕೆಯ ವಸ್ತುವಿನಲ್ಲಿಯೂ ಕಲ್ಪನೆ ಆಡುತ್ತದೆಂಬುದನ್ನು ಅವರ ಸಂಗ್ರಹ ನಿರ್ವಿವಾದವಾಗಿ ಸ್ಥಾಪಿಸಿದೆ. ಆದರೆ ಅದು ಕಲ್ಪನೆ ಆಡಿದ ಕಡೆಯೇ ಹೆಚ್ಚಾಗಿ ನಿಂತಿತೆಂಬುದೂ ಅಷ್ಟೇ ನಿಜ.

ಹೀಗೆ ಮರ್ಸರ್ ಕ್ರಿಯೆಯನ್ನೂ ಯಾನಗಿ ರೂಪವನ್ನೂ ಕೇಳಕರರು ಕಲ್ಪನೆಯನ್ನೂ ಹಿಡಿದರು. ಈ ಮೂರರಲ್ಲಿ ಮರ್ಸರನ ಮಾರ್ಗವೇ ಶಾಸ್ತ್ರಕ್ಕೆ ಹೆಚ್ಚು ಹತ್ತಿರವೆಂದು ನಮ್ಮ ಅಭಿಪ್ರಾಯ. ರೂಪವನ್ನು ಮಾತ್ರ ನೆಚ್ಚಿದ ಸಂಗ್ರಹ ಎಷ್ಟು ಸುಲಭವಾಗಿ ಮೋಸಹೋಗಬಲ್ಲದೆಂಬುದಕ್ಕೆ ಅಮೆರಿಕದಲ್ಲಿಯೇ ಒಂದು ನಿದರ್ಶನವಿದೆ. ಅಲ್ಲಿ ನೆಲಸಿದ ಮೊದಲ ಆಂಗ್ಲ ವಲಸೆಗಾರರ ಕಾಲದ ಕಡಸಲಿನ ಕುರ್ಚಿಗಳಿಗೆ ಬಹಳ ಬೆಲೆ. ಅರ್ಮಾಂಡ್ ಲಾಮಾಂಟೇನ್ ಎಂಬ ಶಿಲ್ಪಿ ೧೯೬೯ರಲ್ಲಿ ಅಂಥದೊಂದು ಕುರ್ಚಿಯನ್ನು ತಾನೇ ಮಾಡಿ, ಸವೆತ, ಮುರುಕು, ಹೊಗೆಯ ಬಣ್ಣಗಳನ್ನೆಲ್ಲ ಕೃತಕವಾಗಿ ತಂದು, ತಜ್ಞರನ್ನು ಪರೀಕ್ಷಿಸಲೆಂದು ಹೊರಬಿಟ್ಟನು. ಅದು ಕೈಯಿಂದ ಕೈಗೆ ದಾಟಿ ಕೊನೆಗೆ ಹೆನ್ರಿ ಫೋರ್ಡ್ ಸಂಗ್ರಹಾಲಯವನ್ನು ಸೇರಿತು. ೧೯೭೦ರ ದಶಕದಲ್ಲಿ ನಿಜ ಬಯಲಾಯಿತು. ಹದಿನೇಳನೆಯ ಶತಮಾನದವರಿಗೆ ತಿಳಿದಿರದ ಹೊಸ ಬೈರಿಗೆಯಿಂದ ಕೊರೆದ ತೂತುಗಳು ಕೀಲುಗಳ ಒಳಗೆ ಇದ್ದವು. ರೂಪ ಸುಳ್ಳು ಹೇಳಿತು. ಉಪಕರಣದ ಗುರುತು ನಿಜ ಹೇಳಿತು. ಯಾವ ಮನೆಯಿಂದ, ಯಾರ ಬಳಕೆಯಿಂದ ಬಂದಿತೆಂಬ ಪರಂಪರೆಯನ್ನು ಕೇಳದೆ ಸವೆತದ ಅಂದವನ್ನು ಮೆಚ್ಚಿದವರಿಗೆ ಇದು ಪಾಠ.

೪

ಮೇಲಿನ ಮೂವರೂ ವಸ್ತುವಿನಿಂದ ಹೊರಟವರು. ಪದದಿಂದ ಹೊರಟವರೂ ಇದ್ದಾರೆ. ಭಾಷಾವಿಜ್ಞಾನಿ ಜಾರ್ಜ್ ಗ್ರಿಯರ್ಸನ್ ೧೮೮೫ರಲ್ಲಿ ಬಿಹಾರದ ರೈತಜೀವನವನ್ನು ಕುರಿತು ಪ್ರಕಟಿಸಿದ ಗ್ರಂಥ ನೇಗಿಲು, ಗಾಣ, ಒಲೆ, ಬುಟ್ಟಿ, ಪಾತ್ರೆಗಳ ಪ್ರಾಂತಪ್ರಾಂತದ ಹೆಸರುಗಳನ್ನು ಚಿತ್ರಗಳೊಡನೆ ಕೊಡುತ್ತದೆ. ಅದನ್ನು ವಸ್ತುಗಳಿಲ್ಲದ ಸಂಗ್ರಹಾಲಯವೆಂದರೆ ತಪ್ಪಾಗಲಾರದು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಯೂರೋಪಿನ ಶುಖಾರ್ಟ್, ಮೇರಿಂಗರ್ ಮೊದಲಾದ ಪಂಡಿತರು, ಪದದ ಚರಿತ್ರೆ ತಿಳಿಯಬೇಕಾದರೆ ವಸ್ತುವಿನ ಚರಿತ್ರೆ ತಿಳಿಯಬೇಕೆಂದು ವಾದಿಸಿದರು; ಪದ ಮತ್ತು ವಸ್ತು ಎಂಬ ಅರ್ಥದ ಹೆಸರಿನಲ್ಲಿಯೇ ೧೯೦೯ರಲ್ಲಿ ಒಂದು ಪತ್ರಿಕೆಯೂ ಆರಂಭವಾಯಿತು. ನೆರೆಯ ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರ ನೇತೃತ್ವದ ಮಾಂಡಲಿಕ ವೃತ್ತಿಪದಕೋಶದ ಮೊದಲ ಸಂಪುಟ, ವ್ಯವಸಾಯವನ್ನು ಕುರಿತದ್ದು, ೧೯೬೨ರಲ್ಲಿ ಹೊರಬಂದಿತು.

ಕನ್ನಡದಲ್ಲಿ ಪದಗಳ ಕಡೆಗೆ ದೃಷ್ಟಿ ಹಿಂದಿನಿಂದಲೂ ಇದೆ. ೧೮೯೪ರ ಕಿಟ್ಟೆಲರ ನಿಘಂಟನ್ನು ತೆರೆದವರಿಗೆ ಅಡುಗೆಮನೆಯ ಅನೇಕ ಶಬ್ದಗಳು ಅಲ್ಲಿ ಸಿಗುತ್ತವೆ. ಹಾಡುಗಳ ಸಂಗ್ರಹದಲ್ಲಿಯಂತೂ ನಮ್ಮವರ ಸಾಧನೆ ದೊಡ್ಡದು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಂದಿನಿಂದ ಬೀಸುವ, ಕುಟ್ಟುವ ಪದಗಳು ನಮ್ಮ ಸಾಹಿತ್ಯದ ಆಸ್ತಿಯಾದವು, ತರಗತಿಗಳಲ್ಲಿ ಪಾಠವಾದವು, ಅವುಗಳ ತ್ರಿಪದಿಯ ಲಯವನ್ನು ಕುರಿತು ಪ್ರಬಂಧಗಳು ಹುಟ್ಟಿದವು. ಇಲ್ಲಿಯೇ ಒಂದು ವಿಪರ್ಯಾಸವಿದೆ. ಹಾಡನ್ನು ಬರೆದುಕೊಂಡು ನಾವು ಕಲ್ಲನ್ನು ಬಿಟ್ಟುಬಂದೆವು. ಸಂಗ್ರಾಹಕನು ಬಂದು ಕಲ್ಲನ್ನು ಹೊತ್ತುಕೊಂಡು ಹಾಡನ್ನು ಬಿಟ್ಟುಹೋದನು. ಪದವು ಗ್ರಂಥಭಂಡಾರದಲ್ಲಿ, ಪದಾರ್ಥವು ಸಂಗ್ರಹಾಲಯದಲ್ಲಿ. ಎರಡನ್ನೂ ಒಂದೇ ಉಸಿರಿನಲ್ಲಿ ಬಲ್ಲ ಮುದುಕಿ ಮಾತ್ರ ಊರಿನಲ್ಲಿ. ಅವಳ ಕಾಲ ಮುಗಿದರೆ ಇವೆರಡನ್ನು ಕೂಡಿಸುವವರು ಇರುವುದಿಲ್ಲ. ಪ್ರಸ್ತುತ ವಿಷಯದ ತುರ್ತು ಇರುವುದು ಇಲ್ಲಿಯೇ.

೫

ಪದ ಮತ್ತು ಬಳಕೆಗಳ ನೆರವಿನಿಂದ ವಸ್ತುವನ್ನು ಓದಿದರೆ ಏನು ದೊರೆಯುತ್ತದೆಂಬುದನ್ನು ಮೂರು ಉದಾಹರಣೆಗಳಿಂದ ತೋರಿಸಬಹುದು.

ಮೊದಲನೆಯದು ಈಳಿಗೆಮಣೆ. ಮಲೆನಾಡು, ಕರಾವಳಿಗಳಲ್ಲಿ ಇದನ್ನು ಮೆಟ್ಟುಗತ್ತಿಯೆಂದೂ ಕರೆಯುತ್ತಾರೆ. ಗೋಡೆಗೆ ಒರಗಿಸಿಟ್ಟ ಈಳಿಗೆಯನ್ನು ನೋಡಿದ ಇಂದಿನ ವಿದ್ಯಾರ್ಥಿಗೆ ಅದೊಂದು ಮರದ ಹಲಗೆ, ಅದಕ್ಕೆ ನೆಟ್ಟ ಒಂದು ಬಾಗಿದ ಅಲಗು. ‘ಮೆಟ್ಟುಗತ್ತಿ’ ಎಂಬ ಒಂದು ಶಬ್ದ ಕಿವಿಗೆ ಬಿದ್ದೊಡನೆ ಚಿತ್ರವೇ ಬದಲಾಗುತ್ತದೆ. ನೆಲದ ಮೇಲೆ ಕುಳಿತ ಒಂದು ದೇಹ, ಮಣೆಯನ್ನು ಮೆಟ್ಟಿದ ಒಂದು ಕಾಲು, ಎರಡೂ ಕೈಗಳಲ್ಲಿ ಹಿಡಿದು ಅಲಗಿನ ಕಡೆಗೆ ಒತ್ತಿದ ತರಕಾರಿ. ಬೇರೆ ಕತ್ತಿಗಳಲ್ಲಿ ಕತ್ತಿ ಚಲಿಸುತ್ತದೆ, ವಸ್ತು ನಿಲ್ಲುತ್ತದೆ. ಇಲ್ಲಿ ಕತ್ತಿ ನಿಲ್ಲುತ್ತದೆ, ವಸ್ತು ಚಲಿಸುತ್ತದೆ. ಅಲಗು ಏಕೆ ಆಳಿನ ಕಡೆಗೆ ಬಾಗಿದೆ, ಮಣೆ ಏಕೆ ಒಂದು ಬದಿಯಲ್ಲಿಯೇ ಸವೆದಿದೆ ಎಂಬ ಪ್ರಶ್ನೆಗಳಿಗೆ ಉತ್ತರ ಆ ಭಂಗಿಯಲ್ಲಿದೆ. ನಿಂತು ಅಡುಗೆಮಾಡುವ ಕಟ್ಟೆ ಬಂದೊಡನೆ ಈಳಿಗೆ ಏಕೆ ಹಿಂದೆ ಸರಿಯಿತೆಂಬುದಕ್ಕೂ ಉತ್ತರ ಅಲ್ಲಿಯೇ. ವಸ್ತುವು ಮರೆಮಾಡಿದ ದೇಹವನ್ನು ಪದವು ಉಳಿಸಿಕೊಂಡಿದೆ.

ಎರಡನೆಯದು ಬೀಸುವ ಕಲ್ಲು. ಕೆಳಗಿನ ಕಲ್ಲಿನ ನಡುವೆ ಗೂಟ, ಮೇಲಿನ ಕಲ್ಲಿನ ನಡುವೆ ಕಾಳು ಹಾಕುವ ಬಾಯಿ, ಅಂಚಿನಲ್ಲಿ ಹಿಡಿ. ಒಳಮೈ ನುಣುಪಾದರೆ ಕಾಳು ಒಡೆಯದು. ಉಳಿಯಿಂದ ಹೊಡೆಸಿ ಮತ್ತೆ ಒರಟು ಮಾಡಿಸಬೇಕು. ಹೀಗೆ ಹೊಡೆಸಿದಷ್ಟೂ ಕಲ್ಲು ತೆಳುವಾಗುತ್ತದೆ. ಆದುದರಿಂದ ಹಳೆಯ ಕಲ್ಲಿನ ದಪ್ಪವೇ ಒಂದು ಕಾಲಮಾನ. ಮನೆಯೊಂದು ಎಷ್ಟು ರಾಗಿಯನ್ನು, ಎಷ್ಟು ಜೋಳವನ್ನು ಬೀಸಿತೆಂಬುದರ ಲೆಕ್ಕ ಆ ಸವೆತದಲ್ಲಿದೆ. ಆದರೆ ಆ ಲೆಕ್ಕವನ್ನು ತೆತ್ತವರು ಯಾರು? ಬೆಳಗಿನ ಜಾವಕ್ಕೆ ಎದ್ದು ಬೀಸುತ್ತಿದ್ದ ಹೆಂಗಸರು. ಹಾಡು ಹುಟ್ಟಿದ್ದು ಆನಂದದಿಂದ ಮಾತ್ರವಲ್ಲ, ತೋಳಿನ ನೋವನ್ನು ಮರೆಯುವುದಕ್ಕಾಗಿಯೂ ಹೌದು. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಕಲ್ಲನ್ನು ಹಿತ್ತಿಲಿಗೆ ಹಾಕಿದವಳು ಸಂಸ್ಕೃತಿಯನ್ನು ಹಾಳುಮಾಡಿದಳೆಂದು ಹಲುಬುವುದು ಅನ್ಯಾಯ. ಅವಳು ತನ್ನ ನಿದ್ರೆಯನ್ನು ಮರಳಿ ಪಡೆದಳು. ಸಂಗ್ರಾಹಕನು ಮೆಚ್ಚುವ ಸವೆತದ ನಯವೆಲ್ಲ ಇನ್ನೊಬ್ಬರ ದುಡಿಮೆಯೆಂಬುದನ್ನು ಮರೆತ ಸಂಗ್ರಹ ಬರಿಯ ಹಂಬಲವಾಗುತ್ತದೆ, ಜ್ಞಾನವಾಗುವುದಿಲ್ಲ.

ಮೂರನೆಯದು ತಾಮ್ರ, ಹಿತ್ತಾಳೆಗಳ ಪಾತ್ರೆ. ಹುಳಿ ತಗುಲಿದರೆ ಇವು ಕಿಲುಬು ಬಿಡುತ್ತವೆ. ಆದುದರಿಂದ ಅಡುಗೆಯ ಪಾತ್ರೆಯ ಒಳಮೈಗೆ ನವಸಾಗರ ಹಾಕಿ, ತವರವನ್ನು ಕರಗಿಸಿ ಬಳಿದು, ಕಲಾಯಿ ಮಾಡಿಸುತ್ತಿದ್ದರು. ನೀರು ಕಾಯಿಸುವ ಹಂಡೆಗೆ ಅದು ಬೇಕಿರಲಿಲ್ಲ. ಒಳಮೈಯಲ್ಲಿ ತವರದ ಕುರುಹು ಇದೆಯೋ ಇಲ್ಲವೋ, ತಳದಲ್ಲಿ ಮಸಿಯಿದೆಯೋ ಇಲ್ಲವೋ ಎಂಬ ಎರಡೇ ಗುರುತುಗಳಿಂದ ಪಾತ್ರೆಯ ಬಾಳನ್ನು ಓದಬಹುದು. ವ್ಯಾಪಾರಿಯ ಅಂಗಡಿಯಲ್ಲಿ ಮೊದಲು ನಡೆಯುವ ಕೆಲಸವೆಂದರೆ ಹುಣಿಸೆಹಣ್ಣು, ಆಮ್ಲಗಳಿಂದ ತಿಕ್ಕಿ ಅದನ್ನು ಹೊಳೆಯುವಂತೆ ಮಾಡುವುದು. ಹೊಳಪು ಬಂದಷ್ಟೂ ಚರಿತ್ರೆ ಅಳಿಯುತ್ತದೆ. ಇನ್ನು ಪಾತ್ರೆಯ ಕತ್ತಿನಲ್ಲಿ ಚುಕ್ಕಿಚುಕ್ಕಿಯಾಗಿ ಕೆತ್ತಿದ ಅಕ್ಷರಗಳನ್ನು ನೋಡಿ. ಯಾರು ಯಾರ ಮದುವೆಗೆ ಉಡುಗೊರೆ ಕೊಟ್ಟರು, ಯಾವ ಊರಿನವರು, ಎಷ್ಟನೆಯ ಇಸವಿ ಎಂಬುದು ಅಲ್ಲಿ ಇರುತ್ತದೆ. ಇದು ದಾನಶಾಸನವಲ್ಲದೆ ಮತ್ತೇನು? ಲೂಯಿ ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟ ಬಂದದ್ದು ೧೮೮೬ರಲ್ಲಿ. ಅಂದಿನಿಂದ ಕಲ್ಲಿನ ಮೇಲಿನ ಅಕ್ಷರಗಳನ್ನು ಒಂದೂ ಬಿಡದಂತೆ ಓದಿದ ನಾಡಿನಲ್ಲಿ, ಹೆಣ್ಣುಮಕ್ಕಳ ಹೆಸರುಗಳನ್ನು ಹೊತ್ತ ಈ ಕಿರುಶಾಸನಗಳು ಸ್ಟೀಲಿನ ಪಾತ್ರೆಗೆ ಬದಲಾಗಿ ತೂಕಕ್ಕೆ ಹೋಗಿ ಕರಗಿದುವು. ಮಾಡಿದವನ ಹೆಸರು ದೊರೆಯದಿದ್ದರೂ ಬಳಸಿದವಳ ಹೆಸರು ದೊರೆಯುವ ಏಕೈಕ ಸ್ಥಳ ಅದಾಗಿತ್ತು.

೬

ಕನ್ನಡ ನಾಡಿನಲ್ಲಿ ಈ ದಿಕ್ಕಿನ ಪ್ರಯತ್ನಗಳು ಕಡಿಮೆಯೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ೧೯೬೮ರಲ್ಲಿ ಸ್ಥಾಪಿತವಾಯಿತು. ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರು ಹಳ್ಳಿಹಳ್ಳಿ ಸುತ್ತಿ ತಂದ ವಸ್ತುಗಳು ಅದರ ಬುನಾದಿ. ರಾಜಕುಮಾರಿಯೊಬ್ಬರಿಗಾಗಿ ಕಟ್ಟಿದ ಜಯಲಕ್ಷ್ಮೀವಿಲಾಸದ ಮಹಲಿನೊಳಕ್ಕೆ ಮೊರ, ಒನಕೆ, ಕೂರಿಗೆಗಳು ಪ್ರವೇಶಿಸಿದ್ದು ನಮ್ಮ ವಿದ್ಯಾಕ್ಷೇತ್ರದ ದೃಷ್ಟಿ ಬದಲಾದುದರ ಕುರುಹು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ೧೯೯೪ರಲ್ಲಿ ಉದ್ಘಾಟನೆಯಾಯಿತು; ವಸ್ತುಗಳ ಜೊತೆಗೆ ಹಾಡು, ಕುಣಿತಗಳ ಧ್ವನಿ ಮತ್ತು ಚಿತ್ರಮುದ್ರಿಕೆಗಳನ್ನೂ ಒಂದೇ ಆವರಣದಲ್ಲಿ ಇಟ್ಟದ್ದು ಅದರ ವೈಶಿಷ್ಟ್ಯ. ಪದ ಮತ್ತು ಪದಾರ್ಥಗಳನ್ನು ಕೂಡಿಸುವ ದಾರಿಯಲ್ಲಿ ಇದು ಮೊದಲ ಹೆಜ್ಜೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು (೧೯೩೪–೨೦೧೭) ಬಿಡಿವಸ್ತುಗಳಿಗೆ ಬದಲಾಗಿ ಕೆಡವಲಿದ್ದ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿ, ವಸ್ತುವಿಗೆ ಅದರ ಮನೆಯನ್ನು ಮರಳಿಸಿದರು.

ಈ ಹಿರಿಯರು ಕೂಡಿಡದಿದ್ದರೆ ಇಂದು ವಿಮರ್ಶಿಸುವುದಕ್ಕೆ ಏನೂ ಇರುತ್ತಿರಲಿಲ್ಲ. ಅವರು ವಸ್ತುಗಳನ್ನು ಉಳಿಸಿದರು. ಅವುಗಳ ವಿವರವನ್ನು ತುಂಬುವ ಹೊಣೆ ಭಾಷಾವಿಭಾಗಗಳದ್ದು. ಹೊರಗಿನ ರಕ್ಷಣೆಯನ್ನು ನೆಚ್ಚಿ ಕುಳಿತುಕೊಳ್ಳುವಂತೆಯೂ ಇಲ್ಲ. ೧೯೭೨ರ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಅಧಿನಿಯಮ ಕಲೆ, ಕುಶಲಕೆಲಸಗಳ ವಸ್ತುಗಳಿಗೆ ನೂರು ವರ್ಷಗಳ ಮಿತಿಯನ್ನು ಹಾಕಿದೆ. ಆದರೆ ಮೊರಕ್ಕಾಗಲಿ ಮಡಕೆಗಾಗಲಿ ನೂರು ವರ್ಷದ ಆಯುಷ್ಯವೆಲ್ಲಿಯದು? ಇರುವ ಒರಳಿಗೂ ಹಂಡೆಗೂ ವಯಸ್ಸನ್ನು ಹೇಳುವ ದಾಖಲೆಯೆಲ್ಲಿದೆ? ವಯಸ್ಸಿನಿಂದಲ್ಲ, ಬಳಕೆಯ ವಿವರದಿಂದಲೇ ಈ ವಸ್ತುಗಳ ಬೆಲೆಯನ್ನು ಕಟ್ಟಬೇಕು.

ಕಾಲ ಹೇಗೆ ಜಾರುತ್ತದೆಂಬುದಕ್ಕೆ ಅಳತೆಯ ಪಾತ್ರೆಗಳು ಸಾಕ್ಷಿ. ೧೯೫೬ರ ಶಾಸನದ ಫಲವಾಗಿ ಮೆಟ್ರಿಕ್ ಮಾನ ಹಂತಹಂತವಾಗಿ ಜಾರಿಗೆ ಬಂದಮೇಲೆ ಪಾವು, ಸೇರು, ಬಳ್ಳ, ಕೊಳಗ, ಖಂಡುಗಗಳು ಕಾಯಿದೆಯ ಬಲವನ್ನು ಕಳೆದುಕೊಂಡವು. ಸೀಮೆಯಿಂದ ಸೀಮೆಗೆ ಸೇರಿನ ಪ್ರಮಾಣ ಬೇರೆಯಾಗಿತ್ತು. ಯಾವ ಸೀಮೆಯದೆಂದು ಬರೆದಿಡದ ಸೇರು ಈಗ ಒಂದು ಡಬ್ಬಿ ಮಾತ್ರ. ಬರೆದಿಟ್ಟ ಸೇರು, ಹಳೆಯ ಕಡತಗಳ ಗೇಣಿಯ ಲೆಕ್ಕವನ್ನು ತೆರೆಯುವ ಕೀಲಿಕೈ.

೭

ಹಾಗಾದರೆ ಒಳ್ಳೆಯ ಸಂಗ್ರಹದ ಲಕ್ಷಣವೇನು? ಒಂದೊಂದು ವಸ್ತುವಿನ ಜೊತೆಗೆ ಈ ವಿವರಗಳು ಬರಬೇಕು: ಆ ಮನೆಯಲ್ಲಿ, ಆ ಊರಿನಲ್ಲಿ ಅದಕ್ಕಿದ್ದ ಹೆಸರು, ಅದರ ಭಾಗಗಳ ಹೆಸರುಗಳು, ಅದರಿಂದ ನಡೆಯುವ ಕೆಲಸಕ್ಕಿರುವ ಕ್ರಿಯಾಪದಗಳು, ಏಕೆಂದರೆ ಕೇರುವುದು, ಗಾಳಿಸುವುದು, ಜರಡಿ ಹಿಡಿಯುವುದು ಇವು ಮೂರೂ ಬೇರೆ ಬೇರೆ ಕೆಲಸಗಳು, ಯಾರು, ಹೇಗೆ ಕುಳಿತು ಅಥವಾ ನಿಂತು, ಯಾವ ಹೊತ್ತಿನಲ್ಲಿ ಬಳಸುತ್ತಿದ್ದರು, ಮಾಡಿದವರ ಹೆಸರು ಮತ್ತು ಊರು, ಕೊಟ್ಟ ಬೆಲೆ ಹಣವೋ ಕಾಳೋ, ಎಷ್ಟು ಸಾರಿ ದುರಸ್ತಿಯಾಯಿತು, ಅದಕ್ಕೆ ಸೇರಿದ ಹಾಡು, ಗಾದೆ, ಒಗಟು, ಯಾವ ವರ್ಷ, ಯಾವುದು ಬಂದು ಅದರ ಸ್ಥಾನವನ್ನು ಹಿಡಿಯಿತು. ಜೊತೆಗೆ, ಅಂದವಾದುದರ ಪಕ್ಕದಲ್ಲಿ ಸಾಮಾನ್ಯವಾದುದೂ, ಇಡಿಯದರ ಪಕ್ಕದಲ್ಲಿ ಮುರಿದು ಕಟ್ಟಿದುದೂ ನಿಲ್ಲಬೇಕು. ತಂತಿಯಿಂದ ಬಿಗಿದ ಮಡಕೆ, ಸಗಣಿ ಸಾರಿಸಿ ಸಂದು ಮುಚ್ಚಿದ ಮೊರ ಇವು ಬಾಳಿದ ಬಾಳನ್ನು ಹೇಳುವಷ್ಟು ಹೊಸದಾದ ಪ್ರತಿ ಹೇಳದು.

ಇಷ್ಟೆಲ್ಲ ವಿವರಕ್ಕೆ ಜನವೆಲ್ಲಿ, ಸ್ಥಳವೆಲ್ಲಿ ಎಂಬ ಆಕ್ಷೇಪ ಬರಬಹುದು. ವಿವರವಿಲ್ಲದ ನೂರು ವಸ್ತುಗಳಿಗಿಂತ ವಿವರವಿರುವ ಒಂದು ವಸ್ತು ಮೇಲೆಂಬುದು ಅ ಆಕ್ಷೇಪದ ಅರ್ಧಕ್ಕೆ ಉತ್ತರ. ಉಳಿದರ್ಧಕ್ಕೆ ಉತ್ತರ ನಮ್ಮ ಕಾಲೇಜುಗಳಲ್ಲಿದೆ. ವಸ್ತುವನ್ನು ಅದರ ಮನೆಯಿಂದ ಕದಲಿಸದೆಯೂ ಸಂಗ್ರಹಿಸಬಹುದು. ಕನ್ನಡ ತರಗತಿಯ ವಿದ್ಯಾರ್ಥಿಯೊಬ್ಬನು ರಜೆಗೆ ಊರಿಗೆ ಹೋದಾಗ ತನ್ನ ಮನೆಯ ಅಟ್ಟದಲ್ಲಿರುವ ಒಂದೇ ಒಂದು ವಸ್ತುವನ್ನು ಇಳಿಸಿ, ಅಳೆದು, ಚಿತ್ರ ಬರೆದು ಅಥವಾ ತೆಗೆದು, ಅಜ್ಜಿಯನ್ನೋ ನೆರೆಮನೆಯ ಹಿರಿಯರನ್ನೋ ಕೇಳಿ, ಮೇಲಿನ ಪ್ರಶ್ನೆಗಳಿಗೆ ಅವರ ಮಾತಿನಲ್ಲಿಯೇ ಉತ್ತರ ಬರೆದುಕೊಂಡು ಬರಲಿ. ಅಧ್ಯಾಪಕರು ಅದನ್ನು ತಿದ್ದಿ, ಜಿಲ್ಲೆವಾರು ಜೋಡಿಸಿ ಇಡಲಿ. ಉಪಭಾಷೆಗಳ ಅಭ್ಯಾಸಕ್ಕೂ ನಿಘಂಟಿನ ಪರಿಷ್ಕರಣಕ್ಕೂ ಜನಪದ ಗೀತೆಗಳ ವ್ಯಾಖ್ಯಾನಕ್ಕೂ ಇದಕ್ಕಿಂತ ಒಳ್ಳೆಯ ಸಾಮಗ್ರಿ ಇರಲಾರದು. ಅರ್ಥ ತಿಳಿಯದ ಎಷ್ಟೋ ಹಾಡಿನ ಸಾಲುಗಳು ಅಟ್ಟದ ಮೇಲಿನ ವಸ್ತುವೊಂದನ್ನು ಕೈಯಲ್ಲಿ ಹಿಡಿದಾಗ ತಾವಾಗಿ ತಿಳಿಯುತ್ತವೆ.

ಈ ಕೆಲಸಕ್ಕೆ ಹಣ ಬೇಕಾಗಿಲ್ಲ, ಕಟ್ಟಡ ಬೇಕಾಗಿಲ್ಲ. ಬೇಕಾದದ್ದು ಕೇಳುವ ಮನಸ್ಸು ಮತ್ತು ಹೇಳಬಲ್ಲವರು. ಮೊದಲನೆಯದನ್ನು ಯಾವಾಗ ಬೇಕಾದರೂ ಬೆಳೆಸಿಕೊಳ್ಳಬಹುದು. ಎರಡನೆಯವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.